ನಿಲ್ಲದ ಬಿರಡೆ

ಅಕ್ಕನ ಕತ್ತಿನ ನರ ಉಬ್ಬಿತು, ಅಂದರೆ ಎರಡನೆಯ ಚರಣ ಮೇಲಕ್ಕೇರಿದೆ, ಇನ್ನು ನಾಲ್ಕು ಸಾಲು, ಆಮೇಲೆ ಬಿರಡೆ — ಗಿಟಾರಿನ ಮೇಲೆ ಅವನ ಎಡಗೈ ಆಗಲೇ ಚಡಪಡಿಸತೊಡಗಿತು, ಜನ ಟಿಕೆಟ್ ಕೊಂಡು ಬರುವುದೇ ಆ ಕ್ಷಣಕ್ಕೆ, ತಂತಿ ಇನ್ನೂ ನುಡಿಯುತ್ತಿರುವಾಗಲೇ ಬಿರಡೆ ತಿರುಗಿಸಿ ಶ್ರುತಿಯನ್ನು ಸರ್ರನೆ ಕೆಳಗಿಳಿಸುವುದು, ಇಳಿದ ಆ ಸ್ವರ ಹಿಡಿದು ಅಕ್ಕ ಕೊನೆಯ ಚರಣ ಎತ್ತಿಕೊಳ್ಳುವುದು, ಏನು ಕಿವಿ ರೀ ನಿಮ್ದು ಎಂದು ಕಳೆದ ಸಲ ಒಬ್ಬ ಮೇಷ್ಟ್ರು ಕೈ ಕುಲುಕಿದ್ದರು, ಕಿವಿಯಂತೆ ಕಿವಿ, ಎಡಗಿವಿ ಹೋಗಿ ಎರಡು ವರ್ಷವಾಯಿತು, ಬಲಗಿವಿಗೆ ಈಗ ಕೇಳಿಸುವುದು ದೂರದ ಗಿರಣಿಯಂಥ ಒಂದು ಗುಂಯ್ ಮಾತ್ರ, ಇದು ವಾಪಸ್ ಬರಲ್ಲ, ಬೇರೆ ಕೆಲ್ಸ ನೋಡ್ಕೊಳ್ಳಿ ಎಂದು ಡಾಕ್ಟರು ಚೀಟಿಯಲ್ಲಿ ಬರೆದೇ ತೋರಿಸಿದ್ದರು, ಅಕ್ಕನಿಗೆ ಅವನು ಹೇಳಿದ್ದು ಬರೀ ಗುಗ್ಗೆಯಂತೆ ಕಣಕ್ಕಾ, ತೆಗೆದ್ರು ಅಂತ — ಬೇರೆ ಕೆಲಸವಂತೆ, ಹದಿಮೂರನೆಯ ವಯಸ್ಸಿನಿಂದ ಅಕ್ಕನ ಪಕ್ಕದ ಈ ಕುರ್ಚಿ ಬಿಟ್ಟು ಅವನು ಬೇರೆಲ್ಲಿ ಕೂತಿದ್ದಾನೆ, ಇದೊಂದು ಹೋದರೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೇ ಗೊತ್ತಿಲ್ಲ, ಹೆದರಿಕೆ, ಶುದ್ಧ ಹೆದರಿಕೆ, ಅದಕ್ಕೇ ಈ ಬಿರಡೆ ಹಾಕಿಸಿಕೊಂಡದ್ದು, ಅದರಲ್ಲಿ ಎರಡು ಪುಟ್ಟ ಸ್ಕ್ರೂ, ಮೇಲಿನ ಶ್ರುತಿಗೊಂದು, ಕೆಳಗಿನ ಶ್ರುತಿಗೊಂದು, ಶ್ರುತಿ ತೋರಿಸುವ ಮೀಟರಿನ ಮುಳ್ಳು ನೋಡಿ ಮೊದಲೇ ಬಿಗಿದಿಟ್ಟರೆ ಬಿರಡೆ ಅಲ್ಲಿಂದಾಚೆ ಕೂದಲೆಳೆಯಷ್ಟೂ ತಿರುಗದು, ಟಕ್ ಎಂದು ಬೆರಳಿಗೇ ತಡೆ ಸಿಗುತ್ತದೆ, ಕಿವಿಯ ಹಂಗೇ ಇಲ್ಲ, ಮೇಲೆ ಚಪ್ಪಾಳೆ ಬೇರೆ.

ನರ ಇಳಿಯಿತು, ಮತ್ತೆ ಉಬ್ಬಿತು, ಇನ್ನೊಂದೇ ಸಾಲು, ಮುಂದಿನ ಸಾಲಿನ ಮುದುಕಿ ತಲೆದೂಗುತ್ತಿದ್ದಾಳೆ, ಮಧ್ಯಾಹ್ನದ ಬಿಸಿಲು ಅವಳ ಮಡಿಲಲ್ಲಿ ಬಿದ್ದಿದೆ, ಈಗ — ತಿರುಗಿಸಿದ, ಬಿರಡೆ ತಿರುಗಿತು, ಇನ್ನೂ ತಿರುಗಿತು, ತಡೆಯೆಲ್ಲಿ, ಟಕ್ ಎಲ್ಲಿ, ಬೆರಳಡಿಯ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ಜೋತಿದೆ, ಕೆಳಗಿನ ಸ್ಕ್ರೂ! ಬೆಳಿಗ್ಗೆ ವೇದಿಕೆಯ ಹಿಂದಿನ ಕೋಣೆಯಲ್ಲಿ ಹೊಸ ತಂತಿ ಹಾಕಿ ಮೇಲಿನದನ್ನು ಬಿಗಿದಿದ್ದ, ಕೆಳಗಿನದಕ್ಕೆ ಕೈ ಹಾಕುವಷ್ಟರಲ್ಲಿ ಅಕ್ಕ ಬಂದು ಎದುರಿಗೇ ನಿಂತು ತಿಂಡಿ ತಿಂದ್ಯೇನೋ ಎಂದಳು, ತುಟಿ ನೋಡಬೇಕಲ್ಲ, ಸ್ಕ್ರೂಡ್ರೈವರ್ ಕೆಳಗಿಟ್ಟು ಅವಳ ಮುಖವನ್ನೇ ನೋಡಿದ, ಹೂಂ ಕಣಕ್ಕಾ ತಿಂದೆ, ಆಮೇಲೆ ಮರೆತೇಬಿಟ್ಟ, ಥೂ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ — ಸ್ವಲ್ಪ ಮೇಲಕ್ಕೆ, ಇಷ್ಟೋ, ಇನ್ನಿಷ್ಟೋ, ಎದೆಗೊತ್ತಿದ ಮರ ನಡುಗುವುದೇನೋ ನಡುಗುತ್ತದೆ, ನಡುಕ ಸ್ವರದ ಹೆಸರು ಹೇಳುವುದಿಲ್ಲ, ಮೀಟರು ಚೀಲದಲ್ಲಿದೆ, ಚೀಲ ಒಳಗಿದೆ, ಮುದುಕಿಯ ತಲೆ ನಿಂತಿತು, ಪಕ್ಕದವಳ ಮುಖ ನೋಡಿದಳು, ಅಲ್ಲಿಗೆ ಮುಗಿಯಿತು, ಈಗ ಅಕ್ಕ ಹಾಡು ನಿಲ್ಲಿಸಿ ಎಲ್ಲರೆದುರು ಏನಾಯ್ತೋ ಅನ್ನುತ್ತಾಳೆ — ಅಕ್ಕ ಹಾಗನ್ನಲಿಲ್ಲ, ಪೂರ್ತಿ ಅವನ ಕಡೆ ತಿರುಗಿದಳು, ಅಲ್ಲೇ ಇರು ಪುಟ್ಟಾ, ಅಲ್ಲಿಗೇ ಬರ್ತೀನಿ, ದನಿಯಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ, ಕಿವುಡರ ಜೊತೆ ಆಡುವ ಹಾಗೆ, ಗುಗ್ಗೆಯಂತೆ ಎಂದಾಗ ಹೂಂ ಅಂದುಬಿಟ್ಟಿದ್ದವಳು, ಎಷ್ಟು ದಿನದಿಂದ, ಎಷ್ಟು ಹಾಡಿನಿಂದ ಇವಳಿಗೆ ಗೊತ್ತು, ಅವನು ಬಿರಡೆಯಿಂದ ಕೈ ತೆಗೆದ, ಅವಳು ಬಾಯಿ ತೆರೆದಳು, ಅವಳದಲ್ಲದ ಯಾವುದೋ ಪಾತಾಳದ ಸ್ವರಕ್ಕೆ, ಅವನು ಹಾಳುಮಾಡಿದ ಸ್ವರಕ್ಕೆ, ಇಳಿದು ಹಾಡತೊಡಗಿದಳು, ಜನ ಒಬ್ಬೊಬ್ಬರಾಗಿ ತಲೆ ತಗ್ಗಿಸುತ್ತಿದ್ದಾರೆ, ಅವನು ಅವಳ ಕತ್ತನ್ನೇ ನೋಡುತ್ತಿದ್ದಾನೆ, ಉಬ್ಬಲಿ ದೇವರೇ, ಒಂದು ಸಲ, ಇಷ್ಟು ಕೆಳಗಿನ ಸ್ವರಕ್ಕೆ ನರವೇ ಏಳದಿದ್ದರೆ ಅವಳು ಎಲ್ಲಿದ್ದಾಳೆಂದು ತಿಳಿಯುವುದು ಹೇಗೆ, ಸಾಲು ಮುಗಿಯುತ್ತ ಬಂತು, ಕತ್ತಿನಲ್ಲಿ ಆ ನರ ಚಪ್ಪಟೆ ಮಲಗಿದೆ, ಚಪ್ಪಟೆ, ಆ ನರ —