ಎಲ್ಲ ಹೊಲಿಗೆ ಒಟ್ಟಿಗೇ ಬಿಚ್ಚುತ್ತಾರೇನ್ರೀ?

ಟೈಲರಕ್ಕ ಮೂರನೆಯ ಗುಂಡಿ ಹಚ್ಚುತ್ತಿದ್ದಳು. ಸೂಜಿ ಮತ್ತೆ ಜಾರಿ ಬಿತ್ತು. ಬಗ್ಗಿ ಹುಡುಕಿದಳು. ಸೂಜಿ ಸಿಕ್ಕಿತು, ಆದರೆ ಹಿಡಿಯಲು ಹೋದರೆ ಬೆರಳು ಮಡಿಸಲು ಬರಲಿಲ್ಲ. ಗೆಣ್ಣುಗಳೆಲ್ಲ ಊದಿ ಕೆಂಪಗಾಗಿದ್ದವು. ಶರ್ಟನ್ನು ಮೇಜಿನ ಮೇಲೆ ಬೀಸಿ ಎಸೆದಳು.

"ಗುಂಡಿ ಹಚ್ಚೋಕೂ ಆಗದ ಕೈ ಇದ್ದರೆಷ್ಟು, ಬಿಟ್ಟರೆಷ್ಟು!"

ಅವಳಿಗೆ ಸಂಧಿವಾತ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುವ ರೋಗ, ಬೇಲಿಯೇ ಎದ್ದು ಹೊಲ ಮೇಯ್ದಂತೆ. ಇಪ್ಪತ್ತು ವರ್ಷ ಹೊಲಿದು ಉಂಡ ಕೈ ಅದು. ಬೆರಳು ಸೊಟ್ಟಗಾದರೆ ಅಂಗಡಿಗೆ ಬೀಗ. ಗಂಡನಿಗೆ ಬಟ್ಟೆ ಕತ್ತರಿಸಲು ಬರುತ್ತದೆ, ಹೊಲಿಯಲು ಬಾರದು. ಆದರೂ ಎಲ್ಲರ ಬಾಯಲ್ಲಿ ಅವನೇ ಮಾಸ್ತರ.

ಮಾಸ್ತರ ಊಟ ಮುಗಿಸಿ ಒಳಗಿನಿಂದ ಬಂದ. "ಕದ್ದು ಏನಾದರೂ ತಿಂದೆಯಾ? ಊತ ಜಾಸ್ತಿ ಆಗಿದೆ."

ಅಷ್ಟೇ ಸಾಕಾಯಿತು.

"ಕದಿಯೋಕೆ ಏನು ಉಳಿಸಿದ್ದೀರಿ ರೀ? ಹಾಲು, ಮೊಸರು, ಮೊಟ್ಟೆ, ಮೀನು, ಗೋಧಿ, ಬೇಳೆ, ಟೊಮೇಟೊ, ಬದನೆ, ಆಲೂಗಡ್ಡೆ, ಕಡಲೆಕಾಯಿ, ನಿಂಬೆ. ನನ್ನ ತಟ್ಟೆಯಿಂದ ಹನ್ನೊಂದು ಹೋದವು. ನಿಮ್ಮ ತಟ್ಟೆಯಿಂದ ಒಂದು ಕಾಳೂ ಹೋಗಲಿಲ್ಲ. ಮೀಸೇಲಿ ಮೊಟ್ಟೆ ಅಂಟಿದೆ, ಮೊದಲು ಒರೆಸಿಕೊಳ್ಳಿ!"

ಮಾಸ್ತರನ ಕೈ ತಾನಾಗಿ ಮೀಸೆಗೆ ಹೋಯಿತು. "ಫೋನಿನ ವಿಡಿಯೋದಲ್ಲಿ ಅಷ್ಟು ದೊಡ್ಡವರು ಹೇಳಿದ್ದು ಕಣೇ..."

"ಮಾತ್ರೆ ಬಿಡು ಅಂದದ್ದೂ ಆ ದೊಡ್ಡವರೇ!"

"ಏನಂದೆ? ಮಾತ್ರೆ ಬಿಟ್ಟೆಯಾ?"

ಬಾಗಿಲಲ್ಲಿ ಪಕ್ಕದ ಬೀದಿಯ ನರ್ಸಮ್ಮ. ಸಮವಸ್ತ್ರದ ಅಂಗಿ ಸರಿಮಾಡಿಸಲು ಬಂದವರು.

"ಎರಡು ತಿಂಗಳಾಯ್ತು," ಟೈಲರಕ್ಕ ತಲೆ ತಗ್ಗಿಸಿದಳು.

"ನಿನ್ನ ಬುದ್ಧಿಗೇನು ಮಂಕು ಕವಿದಿತ್ತಾ? ಕೀಲು ಹಾಳಾದ ಮೇಲೆ ಯಾವ ಪಥ್ಯವೂ ಅದನ್ನ ವಾಪಸ್ ತಂದುಕೊಡಲ್ಲ!"

"ಬೈಯಿರಿ, ನೀವೊಬ್ಬರು ಬಾಕಿ ಇದ್ದಿರಿ. ದೊಡ್ಡಾಸ್ಪತ್ರೆಯಲ್ಲಿ ಊಟದ ವಿಷಯ ಕೇಳಿದೆ. ಡಾಕ್ಟರು ತಲೆ ಎತ್ತದೆ, 'ಏನಾದರೂ ತಿನ್ನು, ಹೋಗು' ಅಂದರು. ಹಾಲು ಕುಡಿದ ಮಾರನೇ ದಿನ ಕೈ ಊದುತ್ತೆ ಅನ್ನೋಕೆ ಬಾಯಿ ತೆರೆದರೆ ಮುಂದಿನವರನ್ನ ಕರೆದರು. ಅವತ್ತೇ ಆಸ್ಪತ್ರೆಯ ಮುಖ್ಯಸ್ಥರಿಗೆ ಕಾಗದ ಬರೆದೆ. ದೂರು ಕೊಟ್ಟರೆ ಔಷಧಿನೂ ಸಿಗಲ್ಲ ಅಂತ ಇವರು ಕಳಿಸೋಕೆ ಬಿಡಲಿಲ್ಲ. ಮೂರು ತಿಂಗಳಾಯ್ತು, ಮೆಷಿನ್ ಡ್ರಾಯರಲ್ಲೇ ಬಿದ್ದಿದೆ."

ನರ್ಸಮ್ಮ ಕುರ್ಚಿ ಎಳೆದು ಕೂತರು. ಕೋಪ ಇಳಿದಿರಲಿಲ್ಲ, ಬೇರೆ ಕಡೆ ತಿರುಗಿತ್ತು.

"ಮಾಸ್ತರೇ, ನನ್ನ ಅಂಗಿ ಎಲ್ಲೋ ಹಿಡಿಯುತ್ತೆ. ಎಲ್ಲಿ ಅಂತ ಗೊತ್ತಿಲ್ಲ. ಏನು ಮಾಡ್ತೀರಿ?"

ಕಸುಬಿನ ಮಾತು ಬಂದರೆ ಮಾಸ್ತರನಿಗೆ ಎದೆ ಉಬ್ಬುತ್ತದೆ. "ಕಂಕುಳ ಹೊಲಿಗೆ ಬಿಚ್ಚಿ, ನಿಮಗೆ ಹಾಕಿಸಿ ನೋಡ್ತೀನಿ. ಅದಲ್ಲ ಅಂದರೆ ಅದನ್ನ ಮತ್ತೆ ಹೊಲಿಸಿ, ಪಕ್ಕದ್ದು ಬಿಚ್ಚುತ್ತೀನಿ."

"ಎಲ್ಲವನ್ನೂ ಬಿಚ್ಚಿಬಿಟ್ಟರೆ?"

"ಎಲ್ಲ ಹೊಲಿಗೆ ಒಟ್ಟಿಗೇ ಬಿಚ್ಚುತ್ತಾರೇನ್ರೀ? ಅಂಗಿ ಎಲ್ಲಿರುತ್ತೆ, ಬರೀ ತುಂಡು..." ಅಂದವನು ಹೆಂಡತಿಯ ಕಡೆ ನೋಡಿದ. ಭುಜದ ಮೂಳೆ ಎದ್ದು ಕಾಣುತ್ತಿತ್ತು.

"ಏಳು ಕಿಲೋ ಇಳಿದಿದ್ದೀನಿ," ಅಂದಳು ಟೈಲರಕ್ಕ, ಹಲ್ಲು ಕಚ್ಚಿ. "ಯಾವುದರಿಂದ ಊದುತ್ತೆ ಅಂತ ಇವತ್ತಿಗೂ ಗೊತ್ತಿಲ್ಲ."

"ಊಟಕ್ಕೂ ಊತಕ್ಕೂ ನಂಟೇ ಇಲ್ಲವಾ ನರ್ಸಮ್ಮ?" ಮಾಸ್ತರನ ದನಿ ಸಣ್ಣದಾಗಿತ್ತು.

"ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ. ಕಂಡುಹಿಡಿಯೋಕೆ ಕ್ರಮ ಬೇಕು. ನಾಳೆ ಬೆಳಿಗ್ಗೆ ನನ್ನ ಜೊತೆ ನಮ್ಮ ಕ್ಲಿನಿಕ್ಕಿಗೆ ಬಾ. ಅಲ್ಲಿನ ಡಾಕ್ಟರನ್ನ ಕೇಳಿ ಮಾತ್ರೆ ಮತ್ತೆ ಶುರು ಮಾಡೋಣ. ಒಂದು ನೋಟ್‌ಬುಕ್ ಇಟ್ಟುಕೋ. ಏನು ತಿಂದೆ, ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಬಿಗಿದಿತ್ತು, ದಿನಾ ಬರಿ. ಆಮೇಲೆ ಆಹಾರ ತಜ್ಞರು ಹೇಳಿದ ಹಾಗೆ, ಅನುಮಾನ ಇರೋದನ್ನ ಮಾತ್ರ ಕೆಲವು ವಾರ ಬಿಡೋದು. ನಿನಗೆ ಅದು ಹಾಲು, ಮಿಕ್ಕದ್ದೆಲ್ಲ ತಟ್ಟೆಗೆ ವಾಪಸ್ ಬರಲಿ. ಅದರ ಬದಲಿಗೆ ಶಕ್ತಿ ಕೊಡೋ ಬೇರೇನಾದರೂ ತಿನ್ನಬೇಕು. ಆಮೇಲೆ ಹಾಲು ಮತ್ತೆ ಸ್ವಲ್ಪ ಸ್ವಲ್ಪ ಶುರು ಮಾಡಿ ನಾಲ್ಕು ದಿನ ನೋಡೋದು. ಊತ ಬರಲಿಲ್ಲವಾ, ಪಾಪ, ಹಾಲಿನ ಮೇಲೆ ಯಾಕೆ ತಪ್ಪು ಹೊರಿಸ್ತೀಯ, ಕುಡಿ."

"ಒಂದೊಂದಾಗಿ?"

"ಒಂದೊಂದಾಗಿ. ಆದರೆ ಹಿಂದೆ ಯಾವುದನ್ನಾದರೂ ತಿಂದು ಉಸಿರು ಕಟ್ಟಿದ್ದರೆ, ತುಟಿ ಊದಿದ್ದರೆ, ಅದನ್ನ ಮನೇಲಿ ಪರೀಕ್ಷೆ ಮಾಡಲೇಬೇಡ."

ಮಾಸ್ತರ ಎದ್ದ. "ಇವತ್ತು ರಾತ್ರಿ ನಿನಗೆ ಬೇಳೆ ನಾನೇ ಬೇಯಿಸ್ತೀನಿ."

"ಒಲೆ ಯಾವ ಕಡೆ ಇದೆ ಅಂತ ಗೊತ್ತಿದೆ ತಾನೇ?" ಅಂದಳು ಟೈಲರಕ್ಕ. ನಗಲಿಲ್ಲ.

ಡ್ರಾಯರಿನಿಂದ ಕಾಗದ ತೆಗೆದಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು ಕೆಳಗೆ ಮೂರು ಸಾಲು ಸೇರಿಸಿದಳು: "ಮಾತ್ರೆ ಬಿಟ್ಟದ್ದು ನನ್ನ ತಪ್ಪು. ನನ್ನ ಮಾತು ಕೇಳದೆ ಇದ್ದದ್ದು ನಿಮ್ಮ ತಪ್ಪು. ಆಹಾರ ತಜ್ಞರನ್ನು ಕಾಣಲು ನನಗೊಂದು ದಿನ ಕೊಡಿ." ಲಕೋಟೆಗೆ ಅಂಟು ಹಚ್ಚಿ ಒತ್ತಿದವನು ಮಾಸ್ತರ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಕೀಲು ಊದಿದವರು, ಕರುಳಿನ ಉರಿಯೂತದವರು ಇರಬಹುದು. ಫೋನು ನೋಡಿ ಅವರ ತಟ್ಟೆ ಬರಿದು ಮಾಡಬೇಡಿ. ಮಾತ್ರೆ ಬಿಡಿಸಬೇಡಿ. ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ, ಸಕ್ಕರೆ ಕಾಯಿಲೆಯವರಿಗೆ, ಮೊದಲೇ ಸೊರಗಿದವರಿಗೆ ನೀವೇ ಪಥ್ಯ ಕಟ್ಟಬೇಡಿ. ಡಾಕ್ಟರನ್ನು ಕೇಳಿ. ಉತ್ತರ ಕೊಡದಿದ್ದರೆ ಮತ್ತೆ ಕೇಳಿ. ಆಗಲೂ ಕೊಡದಿದ್ದರೆ ಕೋಪ ಬರಲಿ, ಬರಬೇಕು. ಅದನ್ನು ಕಾಗದದ ಮೇಲೆ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ.

ಟೈಲರಕ್ಕ ಚಪ್ಪಲಿ ಮೆಟ್ಟಿದಳು. "ಬಿಸಿಲು ಇಳಿಯಲಿ, ನಾನು ಹೋಗಿ ಹಾಕ್ತೀನಿ," ಅಂದ ಮಾಸ್ತರ.

"ನಿಮ್ಮ ಬಿಸಿಲು ಇಳಿಯೋಕೆ ಮೂರು ತಿಂಗಳು ಕಾದಿದ್ದೀನಿ."

ಬೀದಿಯ ಕೊನೆಯ ಅಂಚೆ ಡಬ್ಬಿಯವರೆಗೆ ಒಬ್ಬಳೇ ನಡೆದಳು. ಬೆರಳು ಮಡಿಸಲು ಬಾರದ್ದರಿಂದ ಎರಡು ಅಂಗೈಗಳ ನಡುವೆ ಲಕೋಟೆ ಹಿಡಿದು ಒಳಗೆ ತಳ್ಳಿದಳು. ಅದು ತಳಕ್ಕೆ ಬಿದ್ದ ಸದ್ದು ಕೇಳಿದ ಮೇಲೆಯೇ ಮನೆ ಕಡೆ ತಿರುಗಿದಳು.