ನಾನು ನೋಡ್ಲಿಲ್ಲಮ್ಮ

ಲವಂಗದ ವಾಸನೆ, ಹೌದು, ನಿನ್ನೆಯದೇ, ತಿರುವಿನಲ್ಲಿ ಬಸ್ಸು ವಾಲಿದಾಗ ಮೂಗಿಗೆ ಬಡಿಯಿತು, ಅವಳು ತಲೆ ಎತ್ತುವಷ್ಟರಲ್ಲಿ ನಿನ್ನೆಯ ಆ ಗಂಡಸು ಎದ್ದು ನಿಂತಿದ್ದ, ಬನ್ನಿ ಅಮ್ಮ, ಕಿಟಕಿ ಕಡೆ ಕೂತ್ಕೊಳ್ಳಿ, ಮಂಡಿನೋವು ಅನ್ಸತ್ತೆ. ತನ್ನ ಮಂಡಿಯ ಸಂಗತಿ ಇವನಿಗೆ ಹೇಗೆ ಗೊತ್ತು, ನಿನ್ನೆಯಿಡೀ ತನ್ನನ್ನೇ ಅಳೆಯುತ್ತಿದ್ದನೇ, ಬೆಳ್ಳಗಿರೋದೆಲ್ಲ ಹಾಲಲ್ಲ ಎನ್ನುತ್ತಿದ್ದರು ಅತ್ತೆ, ಆದರೂ ಕೂತಳು, ಹದಿನೆಂಟು ವರ್ಷ ಟೈಲರ್ ಅಂಗಡಿಯ ನೆಲದ ಮೇಲೆ ಕಾಜ-ಗುಂಡಿ ಹಾಕುತ್ತ ಸವೆದ ಮಂಡಿ ಮಾತು ಕೇಳಬೇಕಲ್ಲ. ಅವನು ಪಕ್ಕದಲ್ಲೇ ಕೂತ. ನಿನ್ನೆ ಇದೇ ಹೊತ್ತು, ದಿನವೂ ಇದೇ ಬಸ್ಸಿಗೆ ಬರುವ ಔಷಧಿ ಅಂಗಡಿಯ ಹುಡುಗಿ ಕಂಬಿ ಹಿಡಿದು ನಿಂತಿದ್ದಳು, ಅವಳ ಸೊಂಟದ ಮೇಲೆ ಇವನ ಕೈ, ಮೊದಲ ಸಲ ನೂಕುನುಗ್ಗಲು ಅಂದುಕೊಳ್ಳಬಹುದು, ಎರಡನೇ ಸಲ? ಮೂರನೇ ಸಲ? ಕೈ ಮೂರು ಸಲ ಒಂದೇ ಜಾಗಕ್ಕೆ ಜಾರುವುದುಂಟೇ — ಆದರೂ ಯಾರಿಗೆ ಗೊತ್ತು, ಪರಿಚಯದವರಿರಬಹುದು, ಗಂಡ-ಹೆಂಡಿರ ಜಗಳವಿರಬಹುದು, ಜೇಬುಗಳ್ಳರ ನಾಟಕವೂ ಇರಬಹುದು. ಕೈ ತೆಗೀರಿ, ಎಂದಳು ಹುಡುಗಿ, ಆಮೇಲೆ ನೇರವಾಗಿ ಇವಳ ಕಡೆ ತಿರುಗಿ, ಆಂಟಿ, ನೀವು ನೋಡಿದ್ರಲ್ಲ, ಹೇಳಿ. ಕಂಡಕ್ಟರ್ ಟಿಕೆಟ್ಟಿನ ಕಟ್ಟಿನಲ್ಲಿ ಮುಖ ಹುದುಗಿಸಿದ, ಮುಂದಿನ ಸೀಟಿನವನು ಪೇಪರಿನ ಪುಟ ತಿರುಗಿಸಿದ, ನಾನು ನೋಡ್ಲಿಲ್ಲಮ್ಮ. ಇವಳ ಬಾಯಿಗೆ ಅದು ತಾನಾಗಿಯೇ ಬಂತು. ಹುಡುಗಿ ಮುಂದಿನ ಸ್ಟಾಪಿನಲ್ಲೇ ಇಳಿದುಹೋದಳು.

ಊರ ಉಸಾಬರಿ ನಿನಗ್ಯಾಕೆ, ಒಳ್ಳೇದೇ ಮಾಡ್ದೆ, ಎಂದಿದ್ದರು ಮನೆಯವರು, ಶೂ ಒರೆಸುತ್ತ, ತಲೆ ಎತ್ತದೆ, ಅಷ್ಟು ಬೇಗ ಉತ್ತರ ಸಿಕ್ಕಿದ್ದು ಹೇಗೆ ಅವರಿಗೆ, ಅವರೂ ಎಲ್ಲೋ ಹೀಗೇ — ಛೇ, ಗಂಡನ ಮೇಲೂ ಅನುಮಾನವೇ, ಆದರೆ ಈಗ ಯಾರ ಮೇಲೆ ಇಲ್ಲ, ಕಂಡಕ್ಟರನ ಮೇಲಿಲ್ಲವೇ, ತನ್ನ ಮೇಲಿಲ್ಲವೇ. ನಿನ್ನೆ ದೊಡ್ಡವರ ಹಾಗೆ ನಡ್ಕೊಂಡ್ರಿ ಅಮ್ಮ, ಪಕ್ಕದಲ್ಲಿ ಪಿಸುಮಾತು, ಈಗಿನ ಹುಡುಗೀರು ಇಲ್ಲದ್ದು ಹೇಳಿ ಮರ್ಯಾದೆ ತೆಗೀತಾರೆ ನೋಡಿ, ಪುಟ್ಟ ಡಬ್ಬಿ ತೆರೆದ, ತಗೊಳ್ಳಿ. ಬೇಡ ಎನ್ನುವಷ್ಟರಲ್ಲಿ ಲವಂಗ ಅಂಗೈಯಲ್ಲಿತ್ತು. ಕೂಲಿಯೇ ಇದು? ಇವನಿಗೆ ತಾನು ಏನಾದೆ ಹಾಗಾದರೆ?

ಬಸ್ಸು ನಿಂತಿತು, ಹತ್ತಿದವಳು ಅದೇ ಹುಡುಗಿ. ಇಬ್ಬರ ಮುಖವನ್ನೂ ನೋಡಿದಳು, ತಾಗಿಕೊಂಡಿದ್ದ ಎರಡು ಭುಜಗಳನ್ನು ನೋಡಿದಳು. ಅವನು ಏಳುತ್ತಿದ್ದಾನೆ, ಅವಳ ಕಡೆಗೇ — ಲವಂಗ ಎಲ್ಲಿ ಬಿತ್ತೋ, ಮಂಡಿ ಲಟಕ್ಕೆಂದಿತು, ಇವಳು ಅವನನ್ನು ಒತ್ತರಿಸಿಕೊಂಡು ಬಂದು ಅವರಿಬ್ಬರ ನಡುವೆ ನಿಂತಿದ್ದಳು. ನಾನು ನೋಡಿದೆ! ನಿನ್ನೆ ನೋಡಿದೆ ನಾನು, ಇವನ ಕೈ ಅಲ್ಲಿತ್ತು, ಮೂರು ಸಲ! ಏನಮ್ಮ ಬೆಳ್ಬೆಳಗ್ಗೆ, ಕಂಡಕ್ಟರ್ ನಕ್ಕ, ನಿನ್ನೆ ಇಲ್ಲ ಅಂದ್ರಿ, ಇವತ್ತು ಹೌದು ಅಂತೀರಿ. ಯಾರೋ ಕಿಸಕ್ಕೆಂದರು. ಅಮ್ಮಂಗೆ ಹುಷಾರಿಲ್ಲ ಪಾಪ, ಎನ್ನುತ್ತ ಅವನು ಬಾಗಿಲ ಕಡೆ ಜಾರಿ, ಬಸ್ಸು ಹೊರಡುವ ಮೊದಲೇ ಇಳಿದುಬಿಟ್ಟ. ಹೋದ, ಸದ್ಯ ಹೋದ, ಬಾಮ್ಮ, ಇಲ್ಲಿ ಕೂತ್ಕೊ, ಎಂದು ಕೈ ಚಾಚಿದಳು, ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು, ಅವನು ಬಿಟ್ಟುಹೋದ ಸೀಟನ್ನು ನೋಡಿದಳು, ಚಾಚಿದ ಕೈಯನ್ನು ನೋಡಿದಳು, ಬ್ಯಾಗನ್ನು ಎದೆಗೆ ಅವಚಿಕೊಂಡಳು. ಅವನು ಇಳಿದುಹೋದನಲ್ಲಮ್ಮ, ಇನ್ನು ಯಾರ ಭಯ — ಬ್ಯಾಗು ಎದೆಗೆ, ಬೆರಳುಗಳು ಬಿಗಿಯಾಗಿ, ಈ ಹುಡುಗಿಗೆ ನನ್ನ ಭಯವೇ, ಆ ಬೆರಳುಗಳು, ಆ ಬ್ಯಾಗು, ಎದೆಗೆ.