ಪುಟ್ಟ ದ್ವೀಪದ ಬಾಗಿಲು

ಬೆಳಗಿನ ಆರಕ್ಕೆ ಹಡಗು ಲಂಗರು ಹಾಕಿತು. ಮೊದಲು ಬಂದೂಕು ಹಿಡಿದ ಕಾವಲಿನವರು ಇಳಿದು, ದಡದಲ್ಲಿ ಹಿಮಕರಡಿಗಳಿಲ್ಲವೆಂದು ಖಚಿತಪಡಿಸಿಕೊಂಡರು. ಅನಂತರ ರಬ್ಬರ್ ದೋಣಿಗಳಲ್ಲಿ ಪ್ರವಾಸಿಗಳು ಬಂದರು. ಅವರು ಬಂಡೆಗಳ ಏರಿನತ್ತ ಹೊರಟ ಮೇಲೆ ಕೊನೆಯ ದೋಣಿಯಲ್ಲಿ ನಾನೂ ಊವಿಲುಕ್ ಅಜ್ಜಿಯೂ ಇಳಿದೆವು. ಮಧ್ಯಾಹ್ನ ಹಡಗು ಕೂಗುವುದರೊಳಗೆ ಹಿಂದಿರುಗಬೇಕಿತ್ತು.

ಊವಿಲುಕ್ ನನ್ನ ತಾಯಿಯ ತಾಯಿ. ಆದರೆ ಅವಳು ನನ್ನನ್ನು ಕರೆಯುವುದು ಅಕ್ಕ ಎಂದು. ಎಳವೆಯಲ್ಲೇ ತೀರಿಕೊಂಡ ಅವಳ ಅಕ್ಕ ಇವಾಲುವಿನ ಹೆಸರನ್ನು ನನಗಿಟ್ಟಿದ್ದಾರೆ. ಈ ಹಿಮನಾಡಿನ ನಮ್ಮ ಜನರಲ್ಲಿ ಹೆಸರಿನ ಜೊತೆಗೆ ಸಂಬಂಧವೂ ಬರುತ್ತದೆ. ಹಾಗಾಗಿ ಎಪ್ಪತ್ತು ದಾಟಿದ ಅಜ್ಜಿಯನ್ನು ನಾನು ತಂಗಿ ಎನ್ನುತ್ತೇನೆ. ಹಡಗಿನಲ್ಲಿ ನಾನು ಭೂವಿಜ್ಞಾನದ ಉಪನ್ಯಾಸ ಕೊಡುವವಳು, ಅವಳು ಸೀಲ್ ಎಣ್ಣೆಯ ದೀಪ ಹೊತ್ತಿಸಿ ತೋರಿಸುವವಳು. ಈ ದಂಡೆ ಹಾದಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಅವಳು ಆ ಕೆಲಸವನ್ನು ಒಪ್ಪಿದ್ದಳು.

ಅವಳ ಮನೆಯವರು ಬೇಸಿಗೆಗಳಲ್ಲಿ ಇಲ್ಲಿ ಗುಡಾರ ಹಾಕುತ್ತಿದ್ದರು. ಎದುರಿಗೆ, ನೀರಿನಾಚೆ ಕಿಕಿಕ್ತಾರ್ಜುಕ್ ಇತ್ತು. ಹಾಗೆಂದರೆ ಪುಟ್ಟ ದ್ವೀಪ. ಅದರ ಮೇಲೆ ಒಂದು ಬೇಸಿಗೆಯಲ್ಲಿ ಅಕ್ಕತಂಗಿಯರಿಬ್ಬರೂ ಕಲ್ಲುಗಳಿಂದ ಆಟದ ಮನೆಯೊಂದನ್ನು ಕಟ್ಟಿದ್ದರು. ಆ ಚಳಿಗಾಲದಲ್ಲೇ ಇವಾಲು ಕ್ಷಯದಿಂದ ತೀರಿಕೊಂಡಳು. ಅವಳ ಒಂದು ಫೋಟೊ ಕೂಡ ಇಲ್ಲ. ಇತ್ತೀಚೆಗೆ ಅಜ್ಜಿ ಚಹಾದ ಕೆಟಲನ್ನು ಒಲೆಯ ಮೇಲೆ ಮರೆಯತೊಡಗಿದ್ದಳು, ನೆರೆಯವರ ಹೆಸರುಗಳನ್ನು ಅದಲುಬದಲು ಮಾಡುತ್ತಿದ್ದಳು. ನೆನಪು ಕುಂದುತ್ತಿದೆ ಎಂದು ಊರಿನ ನರ್ಸ್ ಹೇಳಿದಂದಿನಿಂದ ಅವಳಿಗೆ ಒಂದೇ ಭಯವಿತ್ತು: ಅಕ್ಕನ ಮುಖವೂ ಅಳಿಸಿಹೋದೀತು ಎಂದು.

ಗುಡಾರದ ಜಾಗ ಬೇಗ ಸಿಕ್ಕಿತು. ಗುಡಾರದ ಚರ್ಮದ ಹೊದಿಕೆ ಹಾರದಂತೆ ಅಂಚಿಗೆ ಭಾರವಿಟ್ಟಿದ್ದ ಕಲ್ಲುಗಳು ವೃತ್ತಾಕಾರದಲ್ಲಿ ಹಾಗೆಯೇ ಇದ್ದವು. ಅಂಥ ಕಲ್ಲುಗಳನ್ನು ನಮ್ಮವರು ಯಾರೂ ಕದಲಿಸುವುದಿಲ್ಲ. ಅಜ್ಜಿ ಅವುಗಳ ನಡುವೆ ನಿಂತು ಕಡಲಿನತ್ತ ಕೈ ಚಾಚಿದಳು. ಅಲ್ಲಿ ನೀರು ಮತ್ತು ತೇಲುವ ಮಂಜುಗಡ್ಡೆಗಳ ಹೊರತು ಏನೂ ಇರಲಿಲ್ಲ. ದೋಣಿ ನಡೆಸುವ ನನ್ನ ಚಿಕ್ಕಮ್ಮನ ಮಗ ಪಲ್ಲುಕ್ ದಡದುದ್ದಕ್ಕೂ ಸುತ್ತಿ ಬಂದ.

"ಎಲ್ಲೂ ಇಲ್ಲ ಅಜ್ಜೀ. ಕರಡಿ ನುಂಗಿರ್ಬೇಕು."

"ನಿನ್ನ ಬಂದೂಕು ನೋಡಿ ಓಡಿಹೋಗಿರುತ್ತೆ ಬಿಡೋ. ಸೀಲ್‌ಗೆ ಗುರಿಯಿಟ್ಟು ಸ್ವಂತ ದೋಣಿಗೇ ತೂತು ಹೊಡ್ದೋನಲ್ವಾ ನೀನು!"

ಪಲ್ಲುಕ್ ನಕ್ಕ. ಅವಳು ನಗಲಿಲ್ಲ. ಒಣಮೀನಿನ ಚೂರೊಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

"ಅಕ್ಕಾ, ನರ್ಸಮ್ಮ ಹೇಳಿದ್ದು ನಿಜ ಇರ್ಬೇಕು ಕಣೇ. ದ್ವೀಪಾನೇ ಸುಳ್ಳಾದ್ರೆ, ನನ್ನ ತಲೇಲಿರೋ ನಿನ್ನ ಮುಖಾನೂ ಸುಳ್ಳೇ ತಾನೇ?"

"ಅಲ್ಲಿಗೆ ಹೇಗೆ ಹೋಗ್ತಿದ್ವಿ ತಂಗೀ? ದೋಣೀಲಾ?"

"ದೋಣಿ ಯಾಕೆ? ಅಪ್ಪ ಹೆಗಲ ಮೇಲೆ ಕೂರಿಸ್ಕೊಂಡು ದಾಟಿಸ್ತಿದ್ದ. ಉಬ್ಬರ ಇದ್ರೂ ನೀರು ಅವನ ಮೊಣಕಾಲಿಗೇ ಬರ್ತಿದ್ದಿದ್ದು."

ಮೊಣಕಾಲು ಎಂದಾಗ ನನ್ನ ತಪ್ಪು ನನಗೆ ತಿಳಿಯಿತು. ಹಿಂದಿನ ಸಂಜೆಯಷ್ಟೇ ಪ್ರವಾಸಿಗಳಿಗೆ ನಾನು ಅದನ್ನೇ ವಿವರಿಸಿದ್ದೆ: ಪ್ರಾಚೀನ ಕಾಲದಲ್ಲಿ ಈ ನೆಲವನ್ನು ಅದುಮಿ ಹಿಡಿದಿದ್ದ ಹಿಮದ ಹೊರೆ ಕರಗಿದೆ; ಭಾರವಿಳಿದ ನೆಲ ಇಂದಿಗೂ ವರ್ಷಕ್ಕೆ ಕಿರುಬೆರಳಿನ ಉಗುರಿನಷ್ಟು ಮೇಲೇರುತ್ತಿದೆ. ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಅದು ಮೊಣಕಾಲಿನ ಎತ್ತರಕ್ಕೆ ಸಮನಾಗುತ್ತದೆ. ಇಷ್ಟನ್ನು ಬಲ್ಲ ನಾನೂ ಹೆಸರನ್ನೇ ನಂಬಿ, ಸುತ್ತಲೂ ನೀರಿರುವ ನೆಲವೊಂದನ್ನು ಹುಡುಕುತ್ತಿದ್ದೆ.

ಎಡಕ್ಕೆ ನೋಡಿದೆ. ದಡದಿಂದ ನಾಲಗೆಯಂತೆ ಹೊರಚಾಚಿದ ನುಣುಪುಗಲ್ಲಿನ ದಿಣ್ಣೆಯೊಂದು, ಅದರ ತುದಿಯಲ್ಲಿ ಕಪ್ಪು ಬಂಡೆಯ ಗುಡ್ಡವೊಂದು ಕಂಡವು. ಅಲ್ಲಿಗೆ ಹೋಗುವ ಮುನ್ನ ಒಂದು ಪ್ರಶ್ನೆ ಕೇಳುವುದು ಅಗತ್ಯವೆನಿಸಿತು.

"ತಂಗೀ, ನಮ್ಮ ಆಟದ ಮನೆ ಬಾಗಿಲು ಯಾವ ಕಡೆಗಿತ್ತು?"

"ಕಡಲ ಕಡೆಗೆ. ಗುಡಾರದ ಕಡೆಗಿಡೋಣ ಅಂತ ನಾನು ಅತ್ರೂ ನೀನು ಕೇಳ್ಲಿಲ್ಲ. ಅಪ್ಪ ಬೇಟೆ ಮುಗಿಸಿ ಬರೋದು ಮೊದ್ಲು ನಮಗೇ ಕಾಣ್ಬೇಕು ಅಂದೆ. ಒಳಗೆ ದೀಪ ಅಂತ ಒಂದು ಬಿಳೀ ಕಲ್ಲು ಇಟ್ಟೆ."

ದಿಣ್ಣೆಯ ನಡುವೆ ಅವಳು ಗಕ್ಕನೆ ನಿಂತು, ಅಂಗಿಯ ಅಂಚನ್ನು ಎರಡೂ ಕೈಗಳಿಂದ ಮೇಲೆತ್ತಿ ಹಿಡಿದಳು. ಉಬ್ಬರದ ಹೊತ್ತಾಗಿದ್ದರೂ ಕಾಲಡಿಯ ಕಲ್ಲುಗಳು ಒಣಗಿದ್ದವು.

"ಇಲ್ಲಿ ನೀರಿರ್ಬೇಕು ಕಣೇ."

"ಹೆಗಲ ಮೇಲೆ ಕೂತ್ಕೊಳ್ತೀಯಾ?"

"ನಿನ್ನ ಸೊಂಟ ಮುರಿದೀತು. ನಡಿ ಸುಮ್ನೆ."

ಆದರೂ ಆಚೆ ತಲುಪುವವರೆಗೆ ಅವಳು ಅಂಗಿಯ ಅಂಚನ್ನು ಕೆಳಗೆ ಬಿಡಲಿಲ್ಲ.

ಬಂಡೆಯ ಮರೆಯಲ್ಲಿ, ಪಾಚಿಯ ನಡುವೆ ಮುಷ್ಟಿಗಾತ್ರದ ಕಲ್ಲುಗಳ ಸಣ್ಣ ವೃತ್ತವಿತ್ತು. ಅದು ಕಡಲಿನ ಕಡೆಗೆ ತೆರೆದುಕೊಂಡಿತ್ತು. ಒಳಗೆ ಒಂದು ಬಿಳಿ ಬೆಣಚುಕಲ್ಲು. ಅದರ ಅಂಚಿನಲ್ಲಿ ಕಿತ್ತಳೆ ಬಣ್ಣದ ಕಲ್ಲುಹೂವು ಹಬ್ಬಿತ್ತು.

ಅಜ್ಜಿ ಬಾಗಿಲಿನ ಮುಂದೆ ಕುಳಿತುಬಿಟ್ಟಳು. ಮಾತಾಡಿದಾಗ ದನಿಯಲ್ಲಿ ಸಿಟ್ಟಿತ್ತು.

"ಅವತ್ತು ನನ್ನ ಒಳಗೇ ಬಿಡ್ಲಿಲ್ಲ ನೀನು. ದಪ್ಪಗಿದ್ದೀಯ, ಗೋಡೆ ಬೀಳಿಸ್ತೀಯ ಅಂದೆ."

ಆ ಮಾತನ್ನಾಡಿದವಳ ಪರವಾಗಿ ಉತ್ತರಿಸಬೇಕಾದವಳು ನಾನೇ.

"ತಪ್ಪಾಯ್ತು ತಂಗೀ. ಇವತ್ತು ಬಾ ಒಳಗೆ."

"ಈಗ ಅದಕ್ಕಿಂತ ದಪ್ಪ ಇದ್ದೀನಲ್ಲೇ, ಮಂಕೇ!"

ನಗುತ್ತಲೇ ಅವಳು ಕೆನ್ನೆ ಒರೆಸಿಕೊಂಡಳು. ಕೈಗವಸು ಕಳಚಿ, ಯಾವ ಕಲ್ಲಿಗೂ ತಾಗದಂತೆ ಅಂಗೈಯನ್ನು ಬಾಗಿಲಿನಿಂದ ಒಳಗೆ ತೂರಿಸಿ, ಬಿಳಿ ಕಲ್ಲಿನ ಪಕ್ಕದಲ್ಲಿ ನೆಲಕ್ಕೆ ಊರಿದಳು. ಹಡಗು ಕೂಗಿತು. ದೂರದಲ್ಲಿ ಪಲ್ಲುಕ್ ಕೈ ಬೀಸಿದ. ಹಡಗು ಎರಡನೆಯ ಸಲ ಕೂಗುವವರೆಗೂ ಅವಳು ಕೈ ತೆಗೆಯಲಿಲ್ಲ, ನಾನೂ ಅವಸರಪಡಿಸಲಿಲ್ಲ.

ಕಿಕಿಕ್ತಾರ್ಜುಕ್ ಇದ್ದಲ್ಲೇ ಇತ್ತು. ನಡುವಿನ ನೆಲ ಮೇಲೆದ್ದು ಅದನ್ನು ದಡಕ್ಕೆ ಸೇರಿಸಿತ್ತು. ಊವಿಲುಕಳ ನೆನಪು ಸರಿಯಾಗಿತ್ತು.